ಟ್ರ್ಯಾಕ್ಟರಿನ ಎಂಜಿನ್ ಎಣ್ಣೆಗೆ ನೀರು ಸೇರಿದಾಗ: ಬಂದ ದಾರಿ ಕಂಡುಹಿಡಿಯುವ ಬಗೆ

ರೋಹಿಣಿ ಮಳೆ ಒಂದೆರಡು ಸಲ ಚೆನ್ನಾಗಿ ಬಿದ್ದು ಎರೆಭೂಮಿಗೆ ಹದ ಬಂತೆಂದರೆ ಗದಗ, ಮುಂಡರಗಿ, ಲಕ್ಷ್ಮೇಶ್ವರ, ಶಿರಹಟ್ಟಿ ಭಾಗದ ರೈತರಿಗೆ ಹೆಸರು ಬಿತ್ತುವ ಆತುರ. ಆ ನಾಲ್ಕೈದು ದಿನ ಟ್ರ್ಯಾಕ್ಟರು ನಿಂತರೆ ಹದ ಆರಿಹೋಗುತ್ತದೆ, ಮತ್ತೆ ಮಳೆಯ ದಾರಿ ಕಾಯಬೇಕು. ಅಂಥ ದಿನಗಳಲ್ಲಿ ಒಂದು ಮುಂಜಾನೆ ಶಿರಹಟ್ಟಿ ಕಡೆಯ ರೈತರೊಬ್ಬರು ತಮ್ಮ ಹಳೆಯ ಟ್ರ್ಯಾಕ್ಟರಿನ ಎಣ್ಣೆ ಅಳೆಯುವ ಕಡ್ಡಿ ಎಳೆದು ನೋಡಿದರು. ಎಣ್ಣೆ ಮೇಲಿನ ಗೆರೆ ದಾಟಿ ಬೆರಳಗಲ ಏರಿತ್ತು. ಬಣ್ಣ ಹಾಲು ಹೆಚ್ಚಾದ ಚಹಾದಂತಿತ್ತು. ಅವರು ನನ್ನನ್ನು ಕೇಳಿದರು. ನಾನು ತಡಮಾಡದೆ, "ಹೆಡ್ ಗ್ಯಾಸ್ಕೆಟ್ ಹೋಗಿದೆ, ಬಿಚ್ಚಿಸಿರಿ" ಎಂದೆ. ಹೆಡ್ ಬಿಚ್ಚಿ ಹೊಸ ಗ್ಯಾಸ್ಕೆಟ್ ಕೂಡಿಸಿ, ಎಣ್ಣೆ ಬದಲಿಸಿ, ಎರಡು ದಿನ ಕಳೆದು ಯಂತ್ರ ಹೊಲಕ್ಕೆ ಹೋಯಿತು. ಐದನೆಯ ದಿನ ಎಣ್ಣೆ ಮತ್ತೆ ಬೆಳ್ಳಗಾಯಿತು. ನೀರು ಬರುತ್ತಿದ್ದುದು ಲೈನರಿನ ಕೆಳಗಿನ ರಬ್ಬರ್ ರಿಂಗುಗಳಿಂದ. ಗ್ಯಾಸ್ಕೆಟ್ಟಿನ ಖರ್ಚು ದಂಡವಾಯಿತು, ಎಣ್ಣೆಯ ಖರ್ಚು ದಂಡವಾಯಿತು, ಹೆಸರಿನ ಬಿತ್ತನೆಯೂ ತಪ್ಪಿತು. ಆ ತಪ್ಪು ಅವರದಲ್ಲ, ನನ್ನದು.

ಬಿಳಿ ಎಣ್ಣೆ ರೋಗದ ಲಕ್ಷಣವೇ ಹೊರತು ರೋಗದ ಹೆಸರಲ್ಲ. ಜ್ವರ ಬಂದವರಿಗೆಲ್ಲ ಒಂದೇ ಗುಳಿಗೆ ಕೊಡಲಾಗದು. ನೀರು ಎಣ್ಣೆಗೆ ಇಳಿಯಲು ನಾಲ್ಕೈದು ದಾರಿಗಳಿವೆ. ಯಾವ ದಾರಿಯೆಂದು ಪಾನಾ ಹಿಡಿಯುವ ಮೊದಲೇ ಬಹುಮಟ್ಟಿಗೆ ತಿಳಿಯಬಹುದು. ಇಲ್ಲಿ ಟ್ರ್ಯಾಕ್ಟರನ್ನು ಮುಂದಿಟ್ಟುಕೊಂಡು ಬರೆದಿದ್ದರೂ ಹಳೆಯ ಜೀಪು, ಅಂಬಾಸಿಡರ್ ಕಾರು, ನೀರಿನಿಂದ ತಣಿಯುವ ಪಂಪ್‌ಸೆಟ್ ಎಂಜಿನ್ನುಗಳಿಗೂ ಇದೇ ವಿಚಾರ ಅನ್ವಯಿಸುತ್ತದೆ. 1959ರಲ್ಲಿ ಫರೀದಾಬಾದಿನಲ್ಲಿ ತಯಾರಾಗತೊಡಗಿದ ಐಷರ್ ಟ್ರ್ಯಾಕ್ಟರಿನಂಥ ಗಾಳಿಯಿಂದ ತಣಿಯುವ ಎಂಜಿನ್ನುಗಳಿಗೆ ರೇಡಿಯೇಟರೇ ಇಲ್ಲದ್ದರಿಂದ ಅವುಗಳ ಮಾಲೀಕರಿಗೆ ಈ ಚಿಂತೆ ಇಲ್ಲ.

ಒಂದು ದಿನ ಓಡಿಸಿದರೆ ಏನಾದೀತು?

ಬಿತ್ತನೆಯ ಹೊತ್ತಿನಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಇದು. ಕ್ರ್ಯಾಂಕ್ ಶಾಫ್ಟು ಬೇರಿಂಗಿನ ಮೇಲೆ ನೇರವಾಗಿ ಕುಳಿತಿರುವುದಿಲ್ಲ. ಕೂದಲೆಳೆಗಿಂತ ಎಷ್ಟೋ ತೆಳುವಾದ ಎಣ್ಣೆಯ ಪೊರೆಯ ಮೇಲೆ ತೇಲುತ್ತ ತಿರುಗುತ್ತದೆ. ನೀರು ಬೆರೆತ ಎಣ್ಣೆಗೆ ಆ ಭಾರ ಹೊರುವ ಶಕ್ತಿ ಇರುವುದಿಲ್ಲ. ಪೊರೆ ಹರಿದರೆ ಲೋಹಕ್ಕೆ ಲೋಹ ತಿಕ್ಕಿ, ಮೊದಲು ಕನೆಕ್ಟಿಂಗ್ ರಾಡಿನ ದೊಡ್ಡ ಬೇರಿಂಗುಗಳು ಸವೆಯುತ್ತವೆ. ಮುಂದೆ ಎಣ್ಣೆಯ ಒತ್ತಡ ಇಳಿಯುತ್ತದೆ, ಎಂಜಿನ್ನು ಕೆಳಗಿನಿಂದ ಬಡಿಯಲು ಶುರುಮಾಡುತ್ತದೆ. ಆಗ ಕ್ರ್ಯಾಂಕ್ ಶಾಫ್ಟನ್ನು ಹೊರತೆಗೆದು ಗ್ರೈಂಡಿಂಗ್ ಮಾಡಿಸುವುದೊಂದೇ ಉಪಾಯ. ರಬ್ಬರ್ ರಿಂಗಿನ ಸಣ್ಣ ಕೆಲಸ ಪೂರಾ ಎಂಜಿನ್ ಬಿಚ್ಚುವ ಕೆಲಸವಾಗುವುದು ಹೀಗೆ. ನೀರಿನ ಬದಲು ಗ್ಲೈಕಾಲ್ ಇರುವ ಕೂಲಂಟ್ ಹಾಕಿದ್ದರೆ ಅದು ಬೇರಿಂಗಿಗೆ ಇನ್ನೂ ಕೆಟ್ಟದ್ದು.

ಇದಕ್ಕಿಂತ ದೊಡ್ಡ ಅಪಾಯ ಮತ್ತೊಂದಿದೆ. ರಾತ್ರಿ ನಿಂತಾಗ ನೀರು ಸಿಲಿಂಡರಿನೊಳಗೆ, ಪಿಸ್ಟನ್ನಿನ ಮೇಲೆ ಕೂಡಿರಬಹುದು. ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ನೀರನ್ನು ಕುಗ್ಗಿಸಲಾಗದು. ಸ್ಟಾರ್ಟರ್ ಒತ್ತಿದ ಕೂಡಲೇ ಕನೆಕ್ಟಿಂಗ್ ರಾಡು ಬಾಗಿಬಿಡುತ್ತದೆ. ಆದ್ದರಿಂದ ಎಣ್ಣೆ ಬೆಳ್ಳಗೆ ಕಂಡ ಎಂಜಿನ್ನನ್ನು ಮುಂದಿನ ಪರೀಕ್ಷೆಗಳು ಮುಗಿಯುವವರೆಗೆ ಚಾಲೂ ಮಾಡಬಾರದು. ಬಿತ್ತನೆಗೆ ಬಾಡಿಗೆಯ ಯಂತ್ರವನ್ನೋ ಎತ್ತಿನ ಕೂರಿಗೆಯನ್ನೋ ನೋಡಿಕೊಳ್ಳುವುದು ಅಗ್ಗ.

ಮೊದಲ ಪ್ರಶ್ನೆ: ಇದು ನೀರೇ ಹೌದೇ?

ಕಡ್ಡಿಯಲ್ಲಿ ಎಣ್ಣೆಯ ಮಟ್ಟ ಏರಿದ್ದನ್ನು ಕಂಡು ನೀರೆಂದು ತೀರ್ಮಾನಿಸಬೇಡಿರಿ. ಡೀಸೆಲ್ ಸೋರಿದರೂ ಮಟ್ಟ ಏರುತ್ತದೆ. ಫೀಡ್ ಪಂಪಿನ ಡಯಾಫ್ರಮ್ ಹರಿದರೆ ಅಥವಾ ಇಂಜೆಕ್ಷನ್ ಪಂಪಿನ ಸೀಲು ಹೋದರೆ ಹೀಗಾಗುತ್ತದೆ. ಆಗ ಎಣ್ಣೆ ಕಪ್ಪಾಗಿಯೇ ಇದ್ದು ತೆಳ್ಳಗಾಗಿರುತ್ತದೆ, ಮೂಗಿಗೆ ಡೀಸೆಲ್ ವಾಸನೆ ಹೊಡೆಯುತ್ತದೆ. ನೀರು ಸೇರಿದ ಎಣ್ಣೆ ಬೆಳ್ಳಗಾಗಿ ಮಂದವಾಗುತ್ತದೆ.

ಸಂಶಯ ಉಳಿದರೆ ಹಂಚಿನ ಪರೀಕ್ಷೆ ಮಾಡಬಹುದು. ಅಡಿಗೆಗೆ ಬಳಸದ ಹಳೆಯ ತಗಡು ಅಥವಾ ಹಂಚನ್ನು ಬಯಲಿನಲ್ಲಿ, ಡೀಸೆಲ್ ಡಬ್ಬಿಗಳಿಂದ ದೂರ, ಕಾಯಿಸಿ ಒಲೆಯಿಂದ ಇಳಿಸಬೇಕು. ಅದರ ಮೇಲೆ ಕಡ್ಡಿಯ ತುದಿಯಿಂದ ಒಂದೇ ಹನಿ ಎಣ್ಣೆ ಬಿಡಬೇಕು. ನೀರಿದ್ದರೆ ಒಗ್ಗರಣೆಗೆ ಸಾಸಿವೆ ಹಾಕಿದಂತೆ ಚಟಪಟ ಸಿಡಿಯುತ್ತದೆ. ಶುದ್ಧ ಎಣ್ಣೆ ಸದ್ದಿಲ್ಲದೆ ಹರಡಿ ಹೊಗೆಯಾಡುತ್ತದೆ. ಮುಖವನ್ನು ದೂರವಿಡಬೇಕು, ಒಂದು ಹನಿಗಿಂತ ಹೆಚ್ಚು ಬೇಡ.

ನೀರೆಷ್ಟು ಇದೆ ಎಂದು ತಿಳಿಯಲು ಎಂಜಿನ್ನನ್ನು ರಾತ್ರಿಯೆಲ್ಲ ನಿಲ್ಲಿಸಿ, ಬೆಳಿಗ್ಗೆ ಅಲುಗಾಡಿಸದೆ ಆಯಿಲ್ ಚೇಂಬರಿನ ತಳದ ನಟ್ಟನ್ನು ನಿಧಾನವಾಗಿ ಸಡಿಲಿಸಿರಿ. ನೀರು ಎಣ್ಣೆಗಿಂತ ಭಾರ. ತಳದಲ್ಲಿ ನಿಂತಿರುವುದರಿಂದ ಮೊದಲು ಅದೇ ಬರುತ್ತದೆ. ಗಾಜಿನ ಬಾಟಲಿಯಲ್ಲಿ ಹಿಡಿದಿಟ್ಟು ಬಣ್ಣ ನೋಡಿರಿ. ಹಸಿರು ಅಥವಾ ಕೆಂಪು ಛಾಯೆ ಇದ್ದರೆ ಕೂಲಂಟು, ತುಕ್ಕಿನ ಬಣ್ಣವಾದರೆ ರೇಡಿಯೇಟರಿನ ಬರಿಯ ನೀರು. ಎಣ್ಣೆ ನೀರುಗಳು ಎಂಜಿನ್ನಿನಲ್ಲಿ ಮಜ್ಜಿಗೆ ಕಡೆದಂತೆ ಕಡೆದುಹೋಗಿದ್ದರೆ ಬೇಗ ಬೇರೆಯಾಗುವುದಿಲ್ಲ. ಅದಕ್ಕಾಗಿ ನೀರು ಮೊದಲು ಬರಲಿಲ್ಲವೆಂದ ಮಾತ್ರಕ್ಕೆ ನೀರಿಲ್ಲವೆಂದು ತಿಳಿಯಬಾರದು.

ಎರಡನೆಯ ಪ್ರಶ್ನೆ: ರೇಡಿಯೇಟರಿನ ನೀರೇ ಹೌದೇ?

ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು ಒಂದು ಲೀಟರ್ ನೀರು ಆವಿಯ ರೂಪದಲ್ಲಿ ಹುಟ್ಟುತ್ತದೆ ಎಂದರೆ ಅನೇಕರು ನಂಬಲಿಕ್ಕಿಲ್ಲ. ಅದರ ಬಹುಭಾಗ ಸೈಲೆನ್ಸರಿನಿಂದ ಹೊರಹೋಗುತ್ತದೆ. ಸ್ವಲ್ಪ ಪಿಸ್ಟನ್ ರಿಂಗು ದಾಟಿ ಕೆಳಗಿಳಿಯುತ್ತದೆ. ಎಂಜಿನ್ನು ಚೆನ್ನಾಗಿ ಕಾದರೆ ಅದೂ ಆವಿಯಾಗಿ ಬ್ರೀದರಿನಿಂದ ಹೋಗುತ್ತದೆ. ಸಂತೆಗೆ ಮಾತ್ರ ಹೋಗಿಬರುವ ಹಳೆಯ ಕಾರಿನಲ್ಲಿ, ದಿನಕ್ಕೆ ಹತ್ತು ನಿಮಿಷ ಓಡುವ ಜೀಪಿನಲ್ಲಿ, ಚಳಿಗಾಲದಲ್ಲಿ ಎಣ್ಣೆ ಹಾಕುವ ಮುಚ್ಚಳದ ಒಳಗೆ ಬೆಣ್ಣೆಯಂಥ ಬಿಳಿ ಜಿಡ್ಡು ಕೂಡುವುದು ಇದರಿಂದಲೇ. ಕಡ್ಡಿಯ ತುದಿಯ ಎಣ್ಣೆ ಸ್ವಚ್ಛವಾಗಿದ್ದು ರೇಡಿಯೇಟರಿನ ನೀರೂ ಇಳಿಯದಿದ್ದರೆ, ಬಂಡಿಯನ್ನು ಒಮ್ಮೆ ಮುಕ್ಕಾಲು ತಾಸು ದೂರ ಓಡಿಸಿ ಬಂದರೆ ಸಾಕು. ಇಷ್ಟಕ್ಕೆ ಹೆಡ್ ಬಿಚ್ಚಿಸಿದವರೂ ಇದ್ದಾರೆ.

ಮತ್ತೊಂದು ದಾರಿ ಮೇಲಿನಿಂದ. ಟ್ರ್ಯಾಕ್ಟರಿನ ನೆಟ್ಟಗಿನ ಸೈಲೆನ್ಸರಿಗೆ ಡಬ್ಬಿ ಮುಚ್ಚದೆ ಬಿಟ್ಟರೆ ಒಂದು ರಾತ್ರಿಯ ಹಿಂಗಾರಿ ಮಳೆ ಒಳಗಿಳಿಯುತ್ತದೆ. ಆ ಸಿಲಿಂಡರಿನ ಎಗ್ಜಾಸ್ಟ್ ವಾಲ್ವು ತೆರೆದಿದ್ದರೆ ನೀರು ಪಿಸ್ಟನ್ನಿನ ಮೇಲೆ ಬಂದು ನಿಲ್ಲುತ್ತದೆ. ಹಳೆಯ ಹಾಲಿನ ಪುಡಿಯ ಡಬ್ಬಿ ಮುಚ್ಚುವ ನಮ್ಮ ರೈತರ ರೂಢಿ ಬಹಳ ಒಳ್ಳೆಯದು. ಇನ್ನು ತುಂಗಭದ್ರೆಯ ದಂಡೆಯಲ್ಲಿ ಭತ್ತದ ಗದ್ದೆ ಕೆಸರು ಮಾಡುವವರ ಟ್ರ್ಯಾಕ್ಟರಿನಲ್ಲಿ ಗೇರಿನ ಎಣ್ಣೆ ಬೆಳ್ಳಗಾಗುವುದುಂಟು. ಅದು ಹಿಂದಿನ ಸೀಲುಗಳ ದೋಷ, ಎಂಜಿನ್ನಿಗೆ ಸಂಬಂಧವಿಲ್ಲ.

ರೇಡಿಯೇಟರಿನ ನೀರೇ ಇಳಿಯುತ್ತಿದೆಯೇ ಎಂಬುದಕ್ಕೆ ಸಾಕ್ಷಿ ರೇಡಿಯೇಟರಿನ ಮಟ್ಟವೇ. ಇದನ್ನು ಎಣ್ಣೆ ಬೆಳ್ಳಗಾಗುವ ಮೊದಲಿನಿಂದಲೇ ನೋಡುತ್ತ ಬಂದಿದ್ದರೆ ಉಪಯೋಗ. ದಿನಾಲು ಬೆಳಿಗ್ಗೆ ತಣ್ಣಗಿರುವಾಗ ಎಷ್ಟು ತಂಬಿಗೆ ನೀರು ಹಿಡಿಯಿತೆಂದು ವಹಿಯಲ್ಲಿ ಬರೆದಿಟ್ಟ ರೈತರಿಗೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಹೊರಗೆಲ್ಲೂ ಹನಿ ಇಲ್ಲ, ನೆಲ ಒಣಗಿದೆ, ಆದರೂ ನೀರು ಕಡಿಮೆಯಾಗುತ್ತಿದೆ ಎಂದರೆ ಅದು ಒಳಗೇ ಹೋಗುತ್ತಿದೆ.

ಮೂರನೆಯ ಪ್ರಶ್ನೆ: ಯಾವ ದಾರಿ?

ಎಂಜಿನ್ ಓಡುವಾಗ ಮೂರು ಒತ್ತಡಗಳು ಒಂದರ ಪಕ್ಕದಲ್ಲೊಂದು ಇರುತ್ತವೆ. ಸಿಲಿಂಡರಿನ ಉರಿಯ ಒತ್ತಡ ಎಲ್ಲಕ್ಕೂ ಹೆಚ್ಚು. ಆಯಿಲ್ ಪಂಪಿನಿಂದ ಹೊರಟ ಎಣ್ಣೆಯ ಒತ್ತಡ ಅದಕ್ಕಿಂತ ಎಷ್ಟೋ ಕಡಿಮೆ. ನೀರಿನದು ಎಲ್ಲಕ್ಕಿಂತ ಕಡಿಮೆ. ಆದ್ದರಿಂದ ಓಡುವಾಗ ಗ್ಯಾಸ್ಕೆಟ್ ಬಿಟ್ಟ ಕಡೆ ಉರಿಯ ಗಾಳಿ ನೀರಿಗೆ ನುಗ್ಗುತ್ತದೆ, ಎಣ್ಣೆಯೂ ನೀರಿಗೇ ನುಗ್ಗುತ್ತದೆ. ಎಂಜಿನ್ ನಿಲ್ಲಿಸಿದ ಕ್ಷಣ ಉರಿಯೂ ಇಲ್ಲ, ಎಣ್ಣೆಯ ಒತ್ತಡವೂ ಇಲ್ಲ. ಆದರೆ ಕಾದ ರೇಡಿಯೇಟರಿನ ಒತ್ತಡ ಇನ್ನೂ ಸ್ವಲ್ಪ ಹೊತ್ತು ಉಳಿದಿರುತ್ತದೆ. ಆಗ ನೀರು ತಿರುಗಿ ಎಣ್ಣೆಯ ಕಡೆ, ಸಿಲಿಂಡರಿನ ಕಡೆ ಹೊರಡುತ್ತದೆ. ಸಂಜೆ ಸರಿಯಿದ್ದ ಎಣ್ಣೆ ಬೆಳಿಗ್ಗೆ ಏರಿರುವುದರ ಗುಟ್ಟು ಇದು. ಇದೊಂದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಗುರುತುಗಳೆಲ್ಲ ತಾವಾಗಿಯೇ ತಿಳಿಯುತ್ತವೆ.

ರೇಡಿಯೇಟರಿನ ನೀರಿನ ಮೇಲೆ ಎಣ್ಣೆಯ ಕೆನೆ ತೇಲುತ್ತಿದ್ದರೆ ಒತ್ತಡದ ಎಣ್ಣೆ ಹರಿಯುವ ದಾರಿ ನೀರಿನ ದಾರಿಗೆ ಕೂಡಿದೆ ಎಂದರ್ಥ. ಅದು ಗ್ಯಾಸ್ಕೆಟ್ಟಿನಲ್ಲಿರಬಹುದು, ಹೆಡ್ಡಿನ ಸೀಳಿನಲ್ಲಿರಬಹುದು, ಆಯಿಲ್ ಕೂಲರ್ ಇರುವ ಎಂಜಿನ್ನಾದರೆ ಅದರಲ್ಲಿಯೂ ಇರಬಹುದು. ಕೂಲರನ್ನು ಮೊದಲು ಪರೀಕ್ಷಿಸಬೇಕು, ಏಕೆಂದರೆ ಅದನ್ನು ಬಿಚ್ಚುವುದು ಸುಲಭ. ರೇಡಿಯೇಟರಿನಲ್ಲಿ ಗುಳ್ಳೆ ಬರುತ್ತಿದ್ದರೆ ಉರಿಯ ಗಾಳಿ ನೀರಿಗೆ ಸೇರುತ್ತಿದೆ. ತಪ್ಪು ಹೆಡ್ಡಿನ ಬಳಿ, ಗ್ಯಾಸ್ಕೆಟ್ಟಿನದು ಅಥವಾ ಸೀಳಿನದು. ಗುಳ್ಳೆಯೂ ಇಲ್ಲ, ಕೆನೆಯೂ ಇಲ್ಲ, ಆದರೂ ಚೇಂಬರಿನಲ್ಲಿ ನೀರು ಕೂಡುತ್ತಿದ್ದರೆ ಲೈನರಿನ ಕೆಳಗಿನ ರಿಂಗುಗಳ ಮೇಲೆ ಮೊದಲ ಸಂಶಯ ಬರಬೇಕು. ನಾನು ಅಂದು ಗುಳ್ಳೆಯನ್ನು ನೋಡಿದ್ದರೆ ಸಾಕಿತ್ತು.

ಗುಳ್ಳೆ ನೋಡುವ ಕ್ರಮ ಹೀಗೆ. ಕೆಟ್ಟ ಎಣ್ಣೆಯನ್ನು ಪೂರ್ತಿ ಇಳಿಸಿ ಅಗ್ಗದ ಹೊಸ ಎಣ್ಣೆ ಹಾಕಿರಿ. ಇಂಜೆಕ್ಟರುಗಳನ್ನು ಬಿಚ್ಚಿ, ಎಂಜಿನ್ನನ್ನು ಕೈಯಿಂದ ಎರಡು ಮೂರು ಸುತ್ತು ತಿರುಗಿಸಿರಿ. ಯಾವುದಾದರೂ ತೂತಿನಿಂದ ನೀರು ಚಿಮ್ಮಿದರೆ ಆ ಸಿಲಿಂಡರಿನ ಗುರುತು ಸಿಕ್ಕಂತೆಯೇ, ಚಾಲೂ ಮಾಡುವ ಮಾತೇ ಬೇಡ. ನೀರು ಬಾರದಿದ್ದರೆ ಇಂಜೆಕ್ಟರ್ ಕೂಡಿಸಿ, ಫ್ಯಾನ್ ಬೆಲ್ಟ್ ತೆಗೆದು, ಎಂಜಿನ್ ತಣ್ಣಗಿರುವಾಗಲೇ ರೇಡಿಯೇಟರಿನ ಮುಚ್ಚಳ ತೆಗೆದು ಕಂಠದವರೆಗೆ ನೀರು ತುಂಬಿ, ಒಂದೆರಡು ನಿಮಿಷ ಮಾತ್ರ ಓಡಿಸಬೇಕು. ಮೊದಲಿಗೆ ಸಿಕ್ಕಿಕೊಂಡ ಗಾಳಿಯ ನಾಲ್ಕಾರು ಗುಳ್ಳೆ ಬರುವುದು ಸಹಜ. ಆಕ್ಸಿಲರೇಟರ್ ಒತ್ತಿದಂತೆಲ್ಲ ಎಡೆಬಿಡದೆ ಬರುವ ಗುಳ್ಳೆ ಸಹಜವಲ್ಲ. ಕಾದ ಎಂಜಿನ್ನಿನ ಮುಚ್ಚಳವನ್ನು ಯಾವ ಕಾರಣಕ್ಕೂ ತೆಗೆಯಬಾರದು. ಮುಖ ಕೈ ಸುಟ್ಟುಕೊಂಡವರು ಪ್ರತಿ ಬೇಸಿಗೆಯಲ್ಲೂ ಇರುತ್ತಾರೆ.

ಇದಕ್ಕಿಂತ ನಂಬಿಗಸ್ತವಾದದ್ದು ಕೈಪಂಪಿನ ಒತ್ತಡ ಪರೀಕ್ಷೆ. ರೇಡಿಯೇಟರಿನ ಮುಚ್ಚಳದ ಜಾಗದಲ್ಲಿ ಕೂಡಿಸುವ ಈ ಪಂಪಿಗೆ ಒಂದು ಗೇಜು ಇರುತ್ತದೆ. ಮುಚ್ಚಳದ ಮೇಲೆ ಬರೆದಿರುವಷ್ಟೇ ಒತ್ತಡ ಕೊಟ್ಟು ಇಪ್ಪತ್ತು ನಿಮಿಷ ಬಿಡಬೇಕು. ಹೆಚ್ಚು ಕೊಟ್ಟರೆ ರೇಡಿಯೇಟರೇ ಸೀಳೀತು. ಮುಳ್ಳು ಇಳಿಯುತ್ತಿದ್ದು ಹೊರಗೆ ಸೋರಿಕೆ ಇಲ್ಲದಿದ್ದರೆ ಒಳಗಿನ ಸೋರಿಕೆ ಖಚಿತ. ಎಣ್ಣೆ ಇಳಿಸಿ ತಳದ ನಟ್ಟು ತೆರೆದಿಟ್ಟೇ ಈ ಪರೀಕ್ಷೆ ಮಾಡಿದರೆ ನೀರು ಹನಿಯುವುದು ಕಣ್ಣಿಗೇ ಕಾಣುತ್ತದೆ. ಚೇಂಬರ್ ಬಿಚ್ಚಬಹುದಾದ ಎಂಜಿನ್ನಾದರೆ ಬಿಚ್ಚಿ, ಬ್ಯಾಟರಿ ಹಿಡಿದು ಕೆಳಗಿನಿಂದ ಮೇಲೆ ನೋಡಬೇಕು. ಲೈನರಿನ ಹೊರ ಅಂಚಿನಿಂದ ಹನಿ ಜಾರಿದರೆ ರಬ್ಬರ್ ರಿಂಗು. ಲೈನರಿನ ಒಳಗೋಡೆಯಿಂದ ಪಿಸ್ಟನ್ನಿನ ಬದಿಗೆ ಇಳಿದರೆ ಗ್ಯಾಸ್ಕೆಟ್, ಹೆಡ್ಡಿನ ಸೀಳು ಅಥವಾ ಲೈನರಿನ ತೂತು. ಮೇಲೆ ವಾಲ್ವಿನ ಮುಚ್ಚಳ ತೆಗೆದು ಪುಶ್ ರಾಡಿನ ತೂತುಗಳ ಸುತ್ತ ತೇವವಿದೆಯೇ ಎಂದೂ ನೋಡಬೇಕು, ಏಕೆಂದರೆ ಗ್ಯಾಸ್ಕೆಟ್ ಆ ಕಡೆ ಬಿಟ್ಟರೂ ನೀರು ನೇರವಾಗಿ ಚೇಂಬರಿಗೆ ಇಳಿದು ರಿಂಗಿನ ಸೋರಿಕೆಯಂತೆಯೇ ಕಾಣುತ್ತದೆ. ಪಂಪ್‌ಸೆಟ್ ಎಂಜಿನ್ನಿನ ಪಕ್ಕದಲ್ಲಿ ಬಾಗಿಲು ಇದ್ದರೆ ಕೆಲಸ ಇನ್ನೂ ಸುಲಭ. ಕೆಲವು ಟ್ರ್ಯಾಕ್ಟರುಗಳಲ್ಲಿ ಎರಕದ ಚೇಂಬರೇ ಯಂತ್ರದ ಬೆನ್ನೆಲುಬು. ಅದನ್ನು ಹೊಲದಲ್ಲಿ ಬಿಚ್ಚುವ ಸಾಹಸ ಬೇಡ.

ಎಲ್ಲ ಎಂಜಿನ್ನಿನಲ್ಲೂ ಈ ರಬ್ಬರ್ ರಿಂಗು ಇರುವುದಿಲ್ಲ. ಲೈನರಿನ ಹೊರಮೈಗೆ ನೀರು ನೇರವಾಗಿ ತಾಗುವ ಬಗೆಯಲ್ಲಿ ಮಾತ್ರ ಇರುತ್ತದೆ. ಝೆಟರ್ ಮೂಲದ ಎಚ್ಎಂಟಿ ಟ್ರ್ಯಾಕ್ಟರುಗಳು ಈ ಬಗೆಯವು. 1971ರಲ್ಲಿ ತಯಾರಿಕೆ ಆರಂಭಿಸಿದ ಎಚ್ಎಂಟಿಯ ಟ್ರ್ಯಾಕ್ಟರ್ ವಿಭಾಗವನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ನಿರ್ಧರಿಸಿತು. ಆದ್ದರಿಂದ ಅಂಥ ಯಂತ್ರ ಇಟ್ಟುಕೊಂಡವರು ರಿಂಗು ಕೊಳ್ಳುವಾಗ ಹಳೆಯದನ್ನು ಜೊತೆಗೆ ಒಯ್ದು ದಪ್ಪ, ಅಳತೆ ಹೋಲಿಸಿ ನೋಡುವುದು ಲೇಸು. ತಮ್ಮ ಎಂಜಿನ್ನಿನ ಲೈನರು ಯಾವ ಬಗೆಯದೆಂದು ಯಂತ್ರದೊಡನೆ ಬಂದ ಪುಸ್ತಕದಲ್ಲಿ ನೋಡಿ ತಿಳಿದಿರಬೇಕು.

ಒತ್ತಡದ ಪಂಪು, ಟಾರ್ಕ್ ಪಾನಾ ಇವು ದಿನಾ ಬೇಕಾಗುವ ಸಾಮಾನಲ್ಲ, ಒಬ್ಬರೇ ಕೊಳ್ಳುವುದು ಭಾರವೆನಿಸಬಹುದು. 1905ರಷ್ಟು ಹಿಂದೆಯೇ ಕಣಗಿನಹಾಳದಲ್ಲಿ ಸಹಕಾರಿ ಸಂಘ ಕಟ್ಟಿದ ನೆಲ ನಮ್ಮದು. ಓಣಿಯ ನಾಲ್ಕು ಟ್ರ್ಯಾಕ್ಟರಿನವರು ಕೂಡಿ ಒಂದೊಂದು ಕೊಂಡಿಟ್ಟುಕೊಳ್ಳುವುದು ಕಷ್ಟವಾಗಲಾರದು.

ಹೆಡ್ ಬಿಚ್ಚಿದ ಮೇಲೆ

ಹಳೆಯ ಗ್ಯಾಸ್ಕೆಟ್ಟನ್ನು ಎಸೆಯುವ ಮೊದಲು ಬೆಳಕಿಗೆ ಹಿಡಿದು ನೋಡಿರಿ. ಉರಿ ಹಾಯ್ದ ಕಡೆ ಕಪ್ಪು ಗೆರೆ ಬಿದ್ದಿರುತ್ತದೆ. ಎಲ್ಲೂ ಗೆರೆಯಿಲ್ಲದೆ ಗ್ಯಾಸ್ಕೆಟ್ ಸುಸ್ಥಿತಿಯಲ್ಲಿದ್ದರೆ ರೋಗ ಬೇರೆ ಕಡೆ ಇದೆ. ಹೊಸದನ್ನು ಕೂಡಿಸಿ ಸಮಾಧಾನಪಡಬಾರದು.

ಹೆಡ್ಡಿನ ಮೇಲ್ಮೈಗೆ ನೆಟ್ಟನೆಯ ಉಕ್ಕಿನ ಪಟ್ಟಿ ಇಟ್ಟು, ಉದ್ದಕ್ಕೂ ಮೂಲೆಯಿಂದ ಮೂಲೆಗೂ ಫೀಲರ್ ಗೇಜಿನಿಂದ ಸಂದು ನೋಡಬೇಕು. ಸಾಮಾನ್ಯವಾಗಿ 0.1 ಮಿ.ಮೀ. ಗೇಜು ನುಸುಳಿದರೆ ಎಚ್ಚರ ವಹಿಸಬೇಕು. ನಿಖರವಾದ ಮಿತಿ ಆಯಾ ಯಂತ್ರದ ಪುಸ್ತಕದ್ದು. ವಾಲ್ವುಗಳ ನಡುವಿನ ಸೀಳು ಬರಿಗಣ್ಣಿಗೆ ಕಾಣದಿರಬಹುದು. ವರ್ಕ್‌ಶಾಪಿನಲ್ಲಿ ಕೆಂಪು ಬಣ್ಣ ಹಚ್ಚಿ, ಒರೆಸಿ, ಬಿಳಿ ದ್ರಾವಣ ಸಿಂಪಡಿಸಿದರೆ ಸೀಳಿದ್ದಲ್ಲಿ ಕೆಂಪು ಗೆರೆ ಮೂಡುತ್ತದೆ. ಹೆಡ್ಡಿನ ನೀರಿನ ದಾರಿಗಳನ್ನು ಮುಚ್ಚಿ ಗಾಳಿ ತುಂಬಿ, ಬಿಸಿನೀರಿನಲ್ಲಿ ಮುಳುಗಿಸಿ ಗುಳ್ಳೆ ನೋಡುವ ಕ್ರಮವೂ ಇದೆ. ಹೆಡ್ಡನ್ನು ತಾಸಿ ಸಮ ಮಾಡಿಸುವ ಮೊದಲೇ ಈ ಪರೀಕ್ಷೆ ಆಗಬೇಕು. ಸೀಳಿದ ಹೆಡ್ಡಿಗೆ ತಾಸಿದ ಖರ್ಚು ವ್ಯರ್ಥ.

ಲೈನರನ್ನು ಹೊರತೆಗೆದರೆ ಹೊರಮೈಯಲ್ಲಿ ಗೆದ್ದಲು ತಿಂದಂಥ ಸಣ್ಣ ಗುಣಿಗಳಿವೆಯೇ ನೋಡಿರಿ. ಪಿಸ್ಟನ್ನಿನ ಬಡಿತಕ್ಕೆ ಲೈನರು ನಡುಗಿ, ನೀರಿನಲ್ಲಿ ಹುಟ್ಟಿದ ಗುಳ್ಳೆಗಳು ಒಡೆಯುತ್ತ ಕಬ್ಬಿಣವನ್ನು ಕೊರೆದ ಗುರುತುಗಳವು. ಒಂದು ಗುಣಿ ಆರುಪಾರಾದರೂ ರಿಂಗು ಬದಲಿಸಿ ಪ್ರಯೋಜನವಿಲ್ಲ.

ನಟ್ಟುಗಳನ್ನು ನಡುವಿನಿಂದ ಹೊರಕ್ಕೆ, ಮೂರು ಹಂತಗಳಲ್ಲಿ, ಟಾರ್ಕ್ ಪಾನಾದಿಂದ ಪುಸ್ತಕದಲ್ಲಿ ಹೇಳಿದ ಬಿಗಿತಕ್ಕೆ ಬಿಗಿಯಬೇಕು. ಉದ್ದ ಪೈಪು ಹಾಕಿ ಜಗ್ಗಿ ಬಿಗಿದ ಹೆಡ್ಡು ಬಹಳ ದಿನ ಬಾಳುವುದಿಲ್ಲ. ಬೋಲ್ಟಿನ ಕುರುಡು ತೂತುಗಳಲ್ಲಿ ಎಣ್ಣೆ ನೀರು ನಿಂತಿರದಂತೆ ಒರೆಸಿರಬೇಕು, ಇಲ್ಲದಿದ್ದರೆ ಬಿಗಿಯುವಾಗ ಬ್ಲಾಕೇ ಬಿರಿಯಬಹುದು. ಕೆಟ್ಟ ಎಣ್ಣೆ ಇಳಿಸಿ, ಹೊಸ ಫಿಲ್ಟರ್, ಅಗ್ಗದ ಎಣ್ಣೆ ಹಾಕಿ ಭಾರವಿಲ್ಲದೆ ಹತ್ತು ನಿಮಿಷ ಓಡಿಸಿ, ಬಿಸಿಯಿದ್ದಾಗಲೇ ಇಳಿಸಬೇಕು. ಬೆಳ್ಳಗೆ ಬಂದರೆ ಮತ್ತೊಮ್ಮೆ. ಆ ಮೇಲೆ ಇನ್ನೊಂದು ಹೊಸ ಫಿಲ್ಟರ್, ಸರಿಯಾದ ಎಣ್ಣೆ. ಎಂಜಿನ್ನು ಬಹಳ ಹೊತ್ತು ಬಿಳಿ ಎಣ್ಣೆಯಲ್ಲಿ ಓಡಿದ್ದರೆ ದೊಡ್ಡ ಬೇರಿಂಗಿನ ಒಂದು ಕ್ಯಾಪನ್ನಾದರೂ ಬಿಚ್ಚಿ ನೋಡದೆ ಮುಚ್ಚಬಾರದು.

ನಮ್ಮ ಭಾಗದಲ್ಲಿ ಹೀಗೇಕೆ?

ಕೊಳವೆಬಾವಿಯ ಗಡಸು ನೀರನ್ನು ವರ್ಷಗಟ್ಟಲೆ ಹಾಕುತ್ತ ಹೋದರೆ ಎಂಜಿನ್ನಿನೊಳಗೆ ಸುಣ್ಣದ ಪದರ ಕಟ್ಟುತ್ತದೆ. ಹಂಡೆಯ ತಳದಲ್ಲಿ ಕಟ್ಟುವುದೇ ಇದು. ಎರಕದ ಕಬ್ಬಿಣದಷ್ಟು ಸುಲಭವಾಗಿ ಇದು ಶಾಖವನ್ನು ಬಿಟ್ಟುಕೊಡುವುದಿಲ್ಲ. ಇಪ್ಪತ್ತು ಪಟ್ಟಿನಷ್ಟಾದರೂ ಹಿಂದು. ಗೇಜಿನಲ್ಲಿ ನೀರು ಸರಿಯಾಗಿದ್ದರೂ ಹೆಡ್ಡು ಒಳಗೆ ಸುಡುತ್ತಿರುತ್ತದೆ. ಮೇಲಾಗಿ ಗದುಗಿನ ನೆಲ ಸಮುದ್ರಮಟ್ಟಕ್ಕಿಂತ ಸುಮಾರು 650 ಮೀಟರ್ ಎತ್ತರ. ಇಲ್ಲಿ ತೆರೆದ ಪಾತ್ರೆಯ ನೀರು 98 ಡಿಗ್ರಿ ಸೆಲ್ಸಿಯಸ್ ಸುಮಾರಿಗೇ ಕುದಿಯುತ್ತದೆ. ರೇಡಿಯೇಟರಿನ ಒತ್ತಡದ ಮುಚ್ಚಳ ಸರಿಯಿದ್ದರೆ 110ರ ಹತ್ತಿರದವರೆಗೆ ತಡೆಯುತ್ತದೆ. ಮುಚ್ಚಳ ಕಳೆದು ಬಟ್ಟೆ ಗಿಡಿದು ಓಡಿಸುವವರು ಆ ಹನ್ನೆರಡು ಡಿಗ್ರಿಯನ್ನು ಕೈಯಾರೆ ಬಿಟ್ಟುಕೊಟ್ಟಂತೆ.

ಇನ್ನು ಕಡಲೆ ರಾಶಿಯ ಕಾಲ. ಫೆಬ್ರುವರಿಯ ಬಿಸಿಲಲ್ಲಿ ಒಂದೇ ಕಡೆ ನಿಂತು ರಾಶಿ ಯಂತ್ರ ತಿರುಗಿಸುವ ಟ್ರ್ಯಾಕ್ಟರಿನ ರೇಡಿಯೇಟರ್ ಜಾಲರಿಗೆ ಹೊಟ್ಟು ಮೆತ್ತಿ ಗಾಳಿ ಹಾಯುವುದಿಲ್ಲ, ನೀರು ಕುದಿಯುತ್ತದೆ. ಗಾಬರಿಯಲ್ಲಿ ಕೊಡ ತಣ್ಣೀರು ಸುರಿಯುತ್ತಾರೆ. ಕಾದ ಹಂಚಿನ ಮೇಲೆ ತಣ್ಣೀರು ಬಿದ್ದರೆ ಏನಾಗುವುದೋ ಹೆಡ್ಡಿಗೂ ಅದೇ. ಮೇ ತಿಂಗಳಲ್ಲಿ ಎರೆಭೂಮಿಗೆ ಪಲ್ಟಿ ನೇಗಿಲು ಹೊಡೆಯುವಾಗಲೂ ಹೀಗೆಯೇ. ಬಿಳಿ ಎಣ್ಣೆ ಜೂನಿನಲ್ಲಿ ಕಂಡರೂ ಸೀಳು ಬಿದ್ದದ್ದು ಫೆಬ್ರುವರಿಯಲ್ಲೋ ಮೇ ತಿಂಗಳಲ್ಲೋ ಇದ್ದೀತು. ನೀರು ಕುದ್ದರೆ ಭಾರ ಕಳಚಿ, ಎಂಜಿನ್ನನ್ನು ಮೆಲ್ಲಗೆ ಕೆಲವು ನಿಮಿಷ ತಿರುಗಲು ಬಿಟ್ಟು ನಿಲ್ಲಿಸಿ, ಅದು ತಣ್ಣಗಾದ ಮೇಲೆಯೇ ನೀರು ಹಾಕಬೇಕು. ಆದರೆ ನೀರು ಪೂರ್ತಿ ಖಾಲಿಯಾಗಿದ್ದರೆ ತಕ್ಷಣವೇ ನಿಲ್ಲಿಸಬೇಕು. ರಾಶಿಯ ದಿನಗಳಲ್ಲಿ ಜಾಲರಿಯ ಹೊಟ್ಟನ್ನು ಎರಡು ಮೂರು ತಾಸಿಗೊಮ್ಮೆ ಎಂಜಿನ್ ನಿಲ್ಲಿಸಿ ತೆಗೆಯಬೇಕು.

ರೇಡಿಯೇಟರಿಗೆ ಬೆರೆಸಿ ಸಿದ್ಧವಾಗಿ ಬರುವ ಕೂಲಂಟ್ ಎಲ್ಲಕ್ಕಿಂತ ಉತ್ತಮ. ಅದರಲ್ಲಿನ ಔಷಧಿ ತುಕ್ಕನ್ನೂ ಲೈನರಿನ ಗುಣಿಯನ್ನೂ ತಡೆಯುತ್ತದೆ. ಊರಿನ ಶುದ್ಧ ನೀರಿನ ಘಟಕದ ನೀರಿನಿಂದ ಸುಣ್ಣ ಕಟ್ಟುವುದು ಕಡಿಮೆ, ಆದರೆ ಅದೊಂದನ್ನೇ ಹಾಕಿದರೆ ತುಕ್ಕು ತಪ್ಪುವುದಿಲ್ಲ. ಸೋರಿಕೆಗೆ ಅರಿಶಿಣ ಪುಡಿ ಹಾಕುವ ಡ್ರೈವರುಗಳ ಉಪಾಯ ರೇಡಿಯೇಟರಿನ ಸೂಜಿತೂತಿಗೆ ಒಂದು ದಿನದ ಮಟ್ಟಿಗೆ ನಡೆದೀತು. ಗ್ಯಾಸ್ಕೆಟ್ಟಿಗೂ ಲೈನರಿಗೂ ಅದರಿಂದ ಏನೂ ಆಗದು. ಮುಚ್ಚಿಹೋಗುವುದು ರೇಡಿಯೇಟರಿನ ಸಣ್ಣ ನಳಿಗೆಗಳು ಮಾತ್ರ.

ದುರಸ್ತಿಯಾದ ಯಂತ್ರ ಮೊದಲ ವಾರ ಹೊಲದಲ್ಲಿರುವಾಗ ದಿನಾಲು ಬೆಳಿಗ್ಗೆ, ಚಾಲೂ ಮಾಡುವ ಮೊದಲು, ಎಣ್ಣೆಯ ಕಡ್ಡಿಯನ್ನೂ ರೇಡಿಯೇಟರಿನ ಮಟ್ಟವನ್ನೂ ನೋಡಿ ವಹಿಯಲ್ಲಿ ಬರೆಯಬೇಕು. ಹೆಡ್ಡಿನ ನಟ್ಟುಗಳನ್ನು ಪುಸ್ತಕದಲ್ಲಿ ಹೇಳಿದಷ್ಟು ತಾಸು ಓಡಿದ ನಂತರ ಮತ್ತೊಮ್ಮೆ ಬಿಗಿಸಿ, ಟ್ಯಾಪೆಟ್ ಸಂದು ಸರಿಮಾಡಿಸಬೇಕು. ಮೊದಲ ದಿನ ಹಿಡಿದಿಟ್ಟ ಬಿಳಿ ಎಣ್ಣೆಯ ಬಾಟಲಿಯನ್ನು ಅಲ್ಲಿಯತನಕ ಮಾಡದಲ್ಲಿ ಇಟ್ಟಿರಿ. ಹೊಸ ಎಣ್ಣೆಯ ಬಣ್ಣವನ್ನು ಹೋಲಿಸಿ ನೋಡಲು ಬೇಕಾಗುತ್ತದೆ.